ಧರ್ಮ ನಿಷೇಧಿಸಿದ್ದನ್ನು ಅನುಮತಿಸುವ ಕಾನೂನಿಗೆ ಆಸ್ತಿಕರು ಮತ ಹಾಕಬಹುದೇ? ಐರ್ಲೆಂಡಿನ 2018ರ ಜನಮತಗಣನೆಯ ಸುತ್ತ ಒಂದು ಚರ್ಚೆ

ಮಲಪ್ರಭಾ (ಬೆಳಗಾವಿ):

2018ರ ಮೇ 25ರಂದು ಐರ್ಲೆಂಡಿನ ಮತದಾರರು ತಮ್ಮ ಸಂವಿಧಾನದ ಎಂಟನೆಯ ತಿದ್ದುಪಡಿಯನ್ನು ತೆಗೆದುಹಾಕಿದರು. ತಾಯಿಯ ಜೀವಕ್ಕೂ ಗರ್ಭಸ್ಥ ಜೀವಕ್ಕೂ ಸಮಾನ ಹಕ್ಕು ಕೊಟ್ಟು, ಆ ಮೂಲಕ ಗರ್ಭಪಾತವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ತಡೆದಿದ್ದ ಆ ತಿದ್ದುಪಡಿಯನ್ನು 1983ರಲ್ಲಿ ಶೇ. 66.9ರಷ್ಟು ಮತಗಳು ಅಲ್ಲಿಗೆ ತಂದಿದ್ದವು. 35 ವರ್ಷಗಳ ನಂತರ ಶೇ. 66.4ರಷ್ಟು ಮತಗಳು ಅದನ್ನು ಕಿತ್ತುಹಾಕಿದವು. ಆದರೆ ನನ್ನನ್ನು ಕಾಡುತ್ತಿರುವುದು ಇನ್ನೊಂದು ಅಂಕಿ. 2016ರ ಜನಗಣತಿಯಲ್ಲಿ ಆ ದೇಶದ ಶೇ. 78.3ರಷ್ಟು ಜನ ತಾವು ಕ್ಯಾಥೊಲಿಕರೆಂದು ಬರೆಸಿದ್ದರು. ಉಳಿದವರೆಲ್ಲ ಒಂದೇ ಕಡೆ ಮತ ಹಾಕಿದರೆಂದು ಹಿಡಿದರೂ ಲೆಕ್ಕ ಕೂಡುವುದಿಲ್ಲ. ಅಂದರೆ ಗರ್ಭಪಾತ ಘೋರಪಾಪವೆಂದು ಬೋಧಿಸುವ ಧರ್ಮಸಭೆಗೆ ಸೇರಿದ ಬಹಳಷ್ಟು ಜನ ಅದಕ್ಕೆ ಅವಕಾಶ ಕೊಡುವ ಕಾನೂನಿನ ದಾರಿಯನ್ನು ತಾವೇ ತೆರೆದರು.

ಈ ವಿಷಯ ನಮ್ಮೂರಿಗೆ ದೂರದ್ದಲ್ಲ. ಬೆಳಗಾವಿಯಲ್ಲಿ ಬೆಳೆದ ದಂತವೈದ್ಯೆ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರ್ 28ರಂದು ಗಾಲ್ವೇ ನಗರದ ಆಸ್ಪತ್ರೆಯಲ್ಲಿ ರಕ್ತನಂಜಿನಿಂದ ತೀರಿಕೊಂಡರು. 17 ವಾರಗಳ ಆ ಗರ್ಭ ಉಳಿಯುವುದಿಲ್ಲವೆಂದು ಗೊತ್ತಾಗಿತ್ತು. ಗರ್ಭಪಾತ ಮಾಡಿರೆಂದು ಅವರು ಕೇಳಿದ್ದರು. ಭ್ರೂಣದ ಹೃದಯ ಬಡಿಯುತ್ತಿರುವ ತನಕ ಮಾಡಲಾಗದೆಂಬ ಉತ್ತರ ಸಿಕ್ಕಿತ್ತು. ಇದು ಕ್ಯಾಥೊಲಿಕ್ ದೇಶವೆಂಬ ಅರ್ಥದ ಮಾತನ್ನು ತಾನು ಆಡಿದ್ದು ನಿಜವೆಂದು ಅಲ್ಲಿನ ಸೂಲಗಿತ್ತಿ ದಾದಿಯೊಬ್ಬರು ಮರಣ ವಿಚಾರಣೆಯಲ್ಲಿ ಒಪ್ಪಿಕೊಂಡರು. ಸವಿತಾ ಕ್ಯಾಥೊಲಿಕರಾಗಿರಲಿಲ್ಲ.

ಹೌದೆಂದು ಮತ ಹಾಕಿದವರಲ್ಲಿ ಧರ್ಮದಿಂದ ದೂರ ಸರಿದವರೂ ಇದ್ದರು, ಅವರನ್ನು ಬಿಡೋಣ. ನನ್ನ ಪ್ರಶ್ನೆ ಇರುವುದು ಭಾನುವಾರ ತಪ್ಪದೆ ಪೂಜೆಗೆ ಹೋಗುವ, ತಾನು ಎಂದಿಗೂ ಗರ್ಭಪಾತ ಮಾಡಿಸಿಕೊಳ್ಳಲಾರೆನೆನ್ನುವ, ಆದರೂ ಅದನ್ನು ಅನುಮತಿಸುವ ಕಾನೂನು ಬೇಕೆಂದ ಮತದಾರರ ಬಗ್ಗೆ. ಅವರು ನಂಬಿಕೆಗೆ ದ್ರೋಹ ಬಗೆದರೇ, ಅಥವಾ ನಂಬಿಕೆಯ ಒಳಗೇ ನಿಂತು ಹಾಗೆ ಮಾಡಲು ಸಾಧ್ಯವಿದೆಯೇ?

ನೇತ್ರಾವತಿ ತೀರದವ (ಮಂಗಳೂರು):

ನಾನು ಕ್ಯಾಥೊಲಿಕನಾದ್ದರಿಂದ ಇದಕ್ಕೆ ನೇರವಾಗಿ ಉತ್ತರಿಸಬೇಕಾದವರಲ್ಲಿ ಒಬ್ಬ. ಮೊದಲಿಗೆ ಸವಿತಾ ಅವರ ಸಾವಿನ ಕುರಿತು ಒಂದು ಮಾತು. ಗಂಭೀರ ರೋಗದಲ್ಲಿರುವ ತಾಯಿಗೆ ಕೊಡಲೇಬೇಕಾದ ಚಿಕಿತ್ಸೆಯಿಂದ ಮಗು ಉಳಿಯದೆ ಹೋದರೆ ಅದನ್ನು ಧರ್ಮಸಭೆ ಗರ್ಭಪಾತದ ಪಾಪವೆಂದು ಎಣಿಸುವುದಿಲ್ಲ. ಅಲ್ಲಿನ ತನಿಖೆಗಳು ನಂಜಿನ ಲಕ್ಷಣಗಳನ್ನು ಹೊತ್ತಿಗೆ ಸರಿಯಾಗಿ ಗುರುತಿಸದ ಲೋಪಗಳನ್ನೂ ಎತ್ತಿ ತೋರಿಸಿದವು. ಆದ್ದರಿಂದ ಆ ಸಾವನ್ನು ಪೂರ್ತಿಯಾಗಿ ಧರ್ಮಬೋಧೆಯ ತಲೆಗೆ ಕಟ್ಟುವುದನ್ನು ನಾನು ಒಪ್ಪಲಾರೆ.

ಇನ್ನು ಮುಖ್ಯ ಪ್ರಶ್ನೆ. ನಿಮ್ಮ ನಂಬಿಕೆ ನಿಮ್ಮ ಮಟ್ಟಿಗಿರಲಿ, ಕಾನೂನಿಗೆ ತರಬೇಡಿ ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಶುಕ್ರವಾರ ಮಾಂಸ ತಿನ್ನದಿರುವುದು, ಉಪವಾಸಕಾಲದ ವ್ರತ, ಬಲಿಪೂಜೆಗೆ ತಪ್ಪದೆ ಹೋಗುವುದು, ಇವುಗಳ ಮಟ್ಟಿಗೆ ಆ ಮಾತು ಸರಿ. ಇವನ್ನು ಕಾನೂನಾಗಿಸಬೇಕೆಂದು ಯಾವ ಕ್ಯಾಥೊಲಿಕನೂ ಕೇಳುವುದಿಲ್ಲ. ಆದರೆ ಗರ್ಭದಲ್ಲಿರುವುದು ಒಂದು ಮನುಷ್ಯಜೀವವೆಂದು ನಾನು ನಿಜವಾಗಿ ನಂಬುವುದಾದರೆ, ಅದನ್ನು ಕೊಲ್ಲುವುದು ನನ್ನ ಖಾಸಗಿ ನಿಯಮದ ಉಲ್ಲಂಘನೆಯಲ್ಲ, ಮೂರನೆಯವರೊಬ್ಬರಿಗೆ ಆಗುವ ಅನ್ಯಾಯ. ಸಂತ ತೋಮಸ್ ಅಕ್ವಿನಾಸರು ಮನುಷ್ಯರ ಕಾನೂನು ಎಲ್ಲ ದುರ್ಗುಣಗಳನ್ನೂ ತಡೆಯಲು ಹೋಗಬಾರದೆಂದು ಬೋಧಿಸಿದ್ದನ್ನು ಉದಾರವಾದಿ ಕ್ಯಾಥೊಲಿಕರು ಎತ್ತಿ ಆಡುತ್ತಾರೆ. ಅದರ ಉಳಿದ ಅರ್ಧವನ್ನು ಮಾತ್ರ ಹೇಳುವುದಿಲ್ಲ: ಕೊಲೆ, ಕಳವುಗಳಂತೆ ಇತರರಿಗೆ ಹಾನಿ ಮಾಡುವಂಥವನ್ನು ಕಾನೂನು ತಡೆಯಲೇಬೇಕೆಂದು ಅವರು ಅಲ್ಲಿಯೇ ಹೇಳಿದ್ದಾರೆ. ಹೀಗಾಗಿ ತಾನು ಮಾಡಲಾರೆ, ಆದರೆ ಬೇರೆಯವರು ಮಾಡಲಿ ಎಂಬ ನಿಲುವು ನನಗೆ ಉದಾರತೆಯಾಗಿ ಕಾಣುವುದಿಲ್ಲ, ಅರ್ಧ ನಂಬಿಕೆಯಾಗಿ ಕಾಣುತ್ತದೆ. ಮತದಾನವಾದ ಕೂಡಲೆ ಎಲ್ಫಿನ್ ಪ್ರಾಂತ್ಯದ ಧರ್ಮಾಧ್ಯಕ್ಷ ಕೆವಿನ್ ಡೋರನ್ ಅವರು, ಪರಿಣಾಮವನ್ನು ತಿಳಿದೇ ಹೌದೆಂದು ಮತ ಹಾಕಿದ ಕ್ಯಾಥೊಲಿಕರು ಪಾಪನಿವೇದನೆಯ ಬಗ್ಗೆ ಯೋಚಿಸಬೇಕೆಂದರು. ಆ ಮಾತು ಹಲವರಿಗೆ ಕಹಿಯಾಯಿತು. ನನಗೆ ಅದರಲ್ಲಿ ತರ್ಕದೋಷವೇನೂ ಕಾಣಿಸಲಿಲ್ಲ.

ಡಬ್ಲಿನ್ ಕನ್ನಡಿಗ:

ಮಂಗಳೂರಿನ ಸ್ನೇಹಿತರ ಬರಹವನ್ನು ಎರಡು ಸಲ ಓದಿದೆ. ತರ್ಕ ಗಟ್ಟಿಯಾಗಿದೆ. ಆದರೆ ಇಲ್ಲಿನ ಮತದಾರರು ಈ ಪ್ರಶ್ನೆಗೆ ಒಂದೇ ಜಿಗಿತದಲ್ಲಿ ಬಂದವರಲ್ಲ, ಆ ದಾರಿಯನ್ನು ನೋಡದೆ 2018 ಅರ್ಥವಾಗುವುದಿಲ್ಲ.

ಇಲ್ಲಿ ಗರ್ಭನಿರೋಧಕಗಳ ಮಾರಾಟವೂ ಆಮದೂ ಅಪರಾಧವಾಗಿದ್ದ ಕಾಲವಿತ್ತು. ಮತ್ತೆ ಗರ್ಭ ಧರಿಸಿದರೆ ಜೀವಕ್ಕೇ ಅಪಾಯವೆಂದು ವೈದ್ಯರು ಹೇಳಿದ್ದ ನಾಲ್ಕು ಮಕ್ಕಳ ತಾಯಿಯೊಬ್ಬರು ಸರ್ವೋಚ್ಚ ನ್ಯಾಯಾಲಯದ ತನಕ ಹೋಗಿ 1973ರ ಡಿಸೆಂಬರಿನಲ್ಲಿ ಗೆದ್ದರು. ಅದಕ್ಕೆ ಒಂದು ತಿಂಗಳು ಮೊದಲು ಐರ್ಲೆಂಡಿನ ಧರ್ಮಾಧ್ಯಕ್ಷರೇ ಒಂದು ಹೇಳಿಕೆ ಹೊರಡಿಸಿದ್ದರು. ಗರ್ಭನಿರೋಧಕಗಳ ಬಳಕೆ ತಪ್ಪೆಂಬ ಬೋಧೆ ಬದಲಾಗಿಲ್ಲ. ಆದರೆ ಧರ್ಮಸಭೆ ತಪ್ಪೆಂದು ಎಣಿಸುವ ಹಲವು ಸಂಗತಿಗಳಿವೆ, ಅವನ್ನೆಲ್ಲ ಸರ್ಕಾರ ನಿಷೇಧಿಸಬೇಕೆಂದು ಯಾರೂ, ಧರ್ಮಸಭೆಯಂತೂ ಎಂದಿಗೂ, ಹೇಳಿಲ್ಲವೆಂಬುದು ಅದರ ತಾತ್ಪರ್ಯ. ಈ ಚರ್ಚೆಯ ಪ್ರಶ್ನೆಗೆ ತಾತ್ವಿಕ ಉತ್ತರವನ್ನು ಹೀಗೆ ಧರ್ಮಾಧ್ಯಕ್ಷರೇ ಕೊಟ್ಟಿದ್ದರು. ಆದರೂ ಮರುವರ್ಷ ಜುಲೈನಲ್ಲಿ ಗರ್ಭನಿರೋಧಕಗಳಿಗೆ ಸೀಮಿತ ಅವಕಾಶ ಕೊಡುವ ಮಸೂದೆ ಸಂಸತ್ತಿಗೆ ಬಂದಾಗ, ಪ್ರಧಾನಿ ಲಿಯಾಂ ಕಾಸ್ಗ್ರೇವ್ ತಮ್ಮದೇ ಸರ್ಕಾರದ ಮಸೂದೆಯ ವಿರುದ್ಧ ಮತ ಹಾಕಿ ಅದು ಬಿದ್ದುಹೋಗುವಂತೆ ಮಾಡಿದರು. ಗುರುಗಳಿಗಿಂತ ಗೃಹಸ್ಥರೇ ಕಟ್ಟುನಿಟ್ಟಾಗಿ ನಡೆದುಕೊಳ್ಳುವುದು ನಮ್ಮ ಕಡೆಯೂ ಹೊಸದೇನಲ್ಲ.

ವಿಚ್ಛೇದನದ ಕಥೆಯೂ ಹೀಗೆಯೇ. 1986ರಲ್ಲಿ ಜನ ಬೇಡವೆಂದರು. 1995ರಲ್ಲಿ ಒಪ್ಪಿದರು, ಅದೂ ಇಡೀ ದೇಶದಲ್ಲಿ 9,114 ಮತಗಳ ಅಂತರದಿಂದ. ಮದುವೆ ಬಿಡಿಸಲಾಗದ ಬಂಧವೆಂದು ನಂಬಿದವರೇ, ಆಗಲೇ ಮುರಿದುಹೋದ ಮದುವೆಯೊಳಗೆ ಇನ್ನೊಬ್ಬರನ್ನು ಕಾನೂನಿನಿಂದ ಕಟ್ಟಿಹಾಕುವುದರಿಂದ ಆ ಸಂಸ್ಕಾರದ ಪಾವಿತ್ರ್ಯ ಉಳಿಯುತ್ತದೆಯೇ ಎಂದು ತಮ್ಮನ್ನು ಕೇಳಿಕೊಳ್ಳತೊಡಗಿದ್ದರು.

ಗರ್ಭಪಾತದ ವಿಷಯದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು 1992ರ ಘಟನೆ. ಅತ್ಯಾಚಾರದಿಂದ ಗರ್ಭಿಣಿಯಾದ 14 ವರ್ಷದ ಬಾಲಕಿಯನ್ನು ಇಂಗ್ಲೆಂಡಿಗೆ ಹೋಗದಂತೆ ಉಚ್ಚ ನ್ಯಾಯಾಲಯ ತಡೆಯಿತು. ಅವಳು ಆತ್ಮಹತ್ಯೆಗೆ ಮುಂದಾಗುವ ಅಪಾಯವನ್ನು ಪರಿಗಣಿಸಿ ಸರ್ವೋಚ್ಚ ನ್ಯಾಯಾಲಯ ಆ ತಡೆಯನ್ನು ತೆಗೆಯಿತು. ಅದೇ ವರ್ಷದ ನವೆಂಬರಿನಲ್ಲಿ ಜನ ಇನ್ನೊಂದು ತಿದ್ದುಪಡಿಯನ್ನು ಒಪ್ಪಿದರು: ಗರ್ಭಪಾತಕ್ಕಾಗಿ ವಿದೇಶಕ್ಕೆ ಹೋಗುವ ಸ್ವಾತಂತ್ರ್ಯಕ್ಕೆ ಎಂಟನೆಯ ತಿದ್ದುಪಡಿ ಅಡ್ಡಿಯಾಗದು. ಮಂಗಳೂರಿನ ಸ್ನೇಹಿತರು ಇದನ್ನು ಯೋಚಿಸಬೇಕು. ಗರ್ಭಸ್ಥ ಜೀವದ ಕೊಲೆಯನ್ನು ತಡೆಯುವುದೇ ಆ ಸಂವಿಧಾನದ ಉದ್ದೇಶವಾಗಿದ್ದರೆ, ಕೊಲೆ ಮಾಡಲು ಲಿವರ್‌ಪೂಲಿಗೆ ಹೋಗಿಬರಲು ಅಡ್ಡಿಯಿಲ್ಲವೆಂದು ಅದೇ ಸಂವಿಧಾನದಲ್ಲಿ ಯಾರಾದರೂ ಬರೆಯುತ್ತಾರೆಯೇ? ಟಿಕೆಟ್ಟಿಗೆ ಹಣವಿದ್ದವರು ಹೋಗಿಬಂದರು. ಹಣವಿಲ್ಲದವರು, ವೀಸಾದ ತೊಡಕಿದ್ದವರು, ಸವಿತಾ ಅವರಂತೆ ಆಸ್ಪತ್ರೆಯ ಹಾಸಿಗೆಯಿಂದ ಏಳಲಾಗದವರು ಇಲ್ಲೇ ಉಳಿದರು. ಆ ಕಾನೂನು ಕಾದದ್ದು ಜೀವವನ್ನಲ್ಲ, ನೆಲದ ಮಡಿಯನ್ನು ಎಂದು ನನಗೆ ಅನ್ನಿಸಿದ್ದು ಇದರಿಂದ.

ನೇತ್ರಾವತಿ ತೀರದವ (ಮಂಗಳೂರು):

ಪ್ರಯಾಣದ ತಿದ್ದುಪಡಿಯಲ್ಲಿ ಇಬ್ಬಂದಿತನವಿದ್ದುದು ನಿಜ. ಆದರೆ ಇಬ್ಬಂದಿತನ ಕಂಡಾಗ ತತ್ತ್ವವನ್ನೇ ಬಿಡಬೇಕೆಂದೇನಿಲ್ಲ, ಆಚರಣೆಯನ್ನು ತಿದ್ದಿಕೊಳ್ಳಬಹುದು. 1973ರ ಹೇಳಿಕೆಯೂ ಗರ್ಭನಿರೋಧಕಗಳ ಬಗೆಗಿನದು. ಮೂರನೆಯ ಜೀವವೊಂದು ಆ ಲೆಕ್ಕದಲ್ಲಿರಲಿಲ್ಲ. ಧರ್ಮಸಭೆ ರಾಜಕೀಯದ ವಾಸ್ತವವನ್ನು ಕಾಣದಷ್ಟು ಕುರುಡೂ ಅಲ್ಲ. 1995ರಲ್ಲಿ ಪೋಪ್ ಎರಡನೆಯ ಜಾನ್ ಪಾಲರು ಸ್ಪಷ್ಟವಾಗಿಯೇ ಬರೆದರು: ಸಡಿಲವಾದ ಕಾನೂನೊಂದು ಜಾರಿಯಲ್ಲಿದ್ದು ಅದನ್ನು ಪೂರ್ತಿ ರದ್ದುಮಾಡಲು ಸಾಧ್ಯವಿಲ್ಲದಿದ್ದಾಗ, ಗರ್ಭಪಾತಕ್ಕೆ ತನ್ನ ವಿರೋಧವನ್ನು ಎಲ್ಲರಿಗೂ ತಿಳಿಯುವಂತೆ ಹೇಳಿರುವ ಶಾಸಕನು ಅದರ ಹಾನಿಯನ್ನು ಕಡಿಮೆ ಮಾಡುವ ಮಸೂದೆಗೆ ಮತ ಹಾಕಬಹುದು. ಐರ್ಲೆಂಡಿನಲ್ಲಿ ನಡೆದದ್ದು ಇದರ ತಿರುವುಮುರುವು. ಅಲ್ಲಿ ಬಿಗಿಯನ್ನು ಸಡಿಲಗೊಳಿಸಲು ಮತ ಬಿತ್ತು.

ಕಾನೂನು ಓದಿದವಳು (ಧಾರವಾಡ):

ಇಬ್ಬರೂ ಪಾಪದ ಬಗ್ಗೆಯೇ ಮಾತನಾಡುತ್ತಿದ್ದೀರಿ. ಕಾನೂನಿಗೆ ಒಂದು ಶಿಕ್ಷೆಯ ಕಲಮೂ ಇರುತ್ತದೆಂಬುದನ್ನು ಮರೆತಂತಿದೆ. ಐರ್ಲೆಂಡಿನಲ್ಲಿ 2013ರ ತನಕ ಜಾರಿಯಲ್ಲಿದ್ದದ್ದು ಬ್ರಿಟಿಷರು 1861ರಲ್ಲಿ ಮಾಡಿದ ಕಾಯ್ದೆ. ಗರ್ಭಪಾತ ಮಾಡಿಸಿಕೊಂಡ ಹೆಂಗಸಿಗೂ ಜೀವಾವಧಿ ಶಿಕ್ಷೆ ವಿಧಿಸಲು ಅದರಲ್ಲಿ ಅವಕಾಶವಿತ್ತು. 2013ರ ಹೊಸ ಕಾಯ್ದೆ ಅದನ್ನು 14 ವರ್ಷಗಳ ಸೆರೆವಾಸಕ್ಕೆ ಇಳಿಸಿತು. 2018ರಲ್ಲಿ ಬೇಡವೆಂದು ಮತ ಹಾಕಿದವರಲ್ಲಿ ಎಷ್ಟು ಮಂದಿ ತಮ್ಮ ಪಕ್ಕದ ಮನೆಯ ಹುಡುಗಿಯನ್ನು 14 ವರ್ಷ ಜೈಲಿಗೆ ಕಳುಹಿಸಲು ಸಿದ್ಧರಿದ್ದರು? ಕೊಲೆಯೆಂದು ಕರೆದು ಕೊಲೆಗೆ ತಕ್ಕ ಶಿಕ್ಷೆಯನ್ನು ಕೇಳಲು ಹಿಂಜರಿಯುವವರು, ಅದು ಕೊಲೆಯೇ ಆದರೂ ಪೊಲೀಸರಿಗೆ ಒಪ್ಪಿಸತಕ್ಕದ್ದಲ್ಲವೆಂದು ಒಳಗೊಳಗೇ ಒಪ್ಪಿಕೊಂಡಿರುತ್ತಾರೆ ಎಂಬುದು ನನ್ನ ಅಭಿಪ್ರಾಯ.

ನಮ್ಮ ದೇಶದಲ್ಲಿ ಈ ಪ್ರಶ್ನೆ ಹೀಗೆ ಏಳಲೇ ಇಲ್ಲವೆಂಬುದು ಸೋಜಿಗ. ನಮ್ಮ ಧರ್ಮಶಾಸ್ತ್ರಗಳು ಭ್ರೂಣಹತ್ಯೆಯನ್ನು ಮಹಾಪಾತಕಗಳ ಸಾಲಿನಲ್ಲಿಡುತ್ತವೆ. 1860ರ ದಂಡಸಂಹಿತೆಯ 312ನೆಯ ಕಲಮು ಗರ್ಭಪಾತ ಮಾಡಿಸಿಕೊಂಡವಳನ್ನೂ ಅಪರಾಧಿಯೆಂದೇ ಎಣಿಸುತ್ತಿತ್ತು. ಶಾಂತಿಲಾಲ್ ಶಾ ಸಮಿತಿಯ ವರದಿಯ ನಂತರ 1971ರಲ್ಲಿ ವೈದ್ಯಕೀಯ ಗರ್ಭಪಾತ ಕಾಯ್ದೆ ಬಂದು 1972ರ ಏಪ್ರಿಲ್‌ನಿಂದ ಜಾರಿಯಾಯಿತು; 2021ರ ತಿದ್ದುಪಡಿ ಕೆಲವು ವರ್ಗದ ಮಹಿಳೆಯರಿಗೆ 24 ವಾರಗಳ ತನಕ ಅವಕಾಶ ಕೊಟ್ಟಿತು. ಸವಿತಾ ತಮ್ಮೂರಿನಲ್ಲೇ ಇದ್ದಿದ್ದರೆ 17ನೆಯ ವಾರದಲ್ಲಿ ಅವರಿಗೆ ಬೇಕಾದ ಚಿಕಿತ್ಸೆಗೆ ಕಾನೂನಿನ ಅಡ್ಡಿ ಇರುತ್ತಿರಲಿಲ್ಲ. ಮಹಾಪಾತಕವೆಂದು ನಂಬುವ ಕೋಟ್ಯಂತರ ಜನ ಈ ಕಾನೂನಿನೊಂದಿಗೆ ಐವತ್ತು ವರ್ಷಗಳಿಂದ ಬದುಕುತ್ತಿದ್ದಾರೆ. ಇದು ಸಹನೆಯೋ, ಜನಸಂಖ್ಯಾ ನಿಯಂತ್ರಣದ ಸರ್ಕಾರಿ ಉತ್ಸಾಹಕ್ಕೆ ತೋರಿದ ಮೌನವೋ ಎಂಬುದು ಬೇರೆ ಮಾತು. ಎರಡೂ ಇರಬೇಕು.

ಸಹ್ಯಾದ್ರಿ (ಶಿರಸಿ):

ಧಾರವಾಡದ ತಂಗಿ ಶಾಸ್ತ್ರದ ಮಾತೆತ್ತಿದ್ದರಿಂದ ನಾನೂ ಸೇರಿಕೊಳ್ಳುತ್ತೇನೆ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಮೂರು ಅಧ್ಯಾಯಗಳಿವೆ: ಆಚಾರ, ವ್ಯವಹಾರ, ಪ್ರಾಯಶ್ಚಿತ್ತ. ಅದಕ್ಕೆ ಮಿತಾಕ್ಷರ ಎಂಬ ವ್ಯಾಖ್ಯಾನವನ್ನು ವಿಜ್ಞಾನೇಶ್ವರನು ಬರೆದದ್ದು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ. ವ್ಯವಹಾರದಲ್ಲಿ ರಾಜನೂ ದಂಡವೂ ಇವೆ. ಪ್ರಾಯಶ್ಚಿತ್ತದಲ್ಲಿರುವುದು ಪಾಪ ಮಾಡಿದವನು, ಅವನಿಗೆ ದಾರಿ ಹೇಳುವ ವಿದ್ವಾಂಸರ ಪರಿಷತ್ತು, ಅವನು ತಾನಾಗಿಯೇ ಕೈಗೊಳ್ಳಬೇಕಾದ ವ್ರತ. ಕೆಲವು ಕೃತ್ಯಗಳು ಎರಡು ಕಡೆಯೂ ಬರುತ್ತವೆ, ಗೆರೆ ಅಷ್ಟು ಸ್ವಚ್ಛವಾಗಿಲ್ಲ. ಆದರೂ ಪಾಪವೆಲ್ಲವೂ ರಾಜನ ಕಡತಕ್ಕೆ ಹೋಗತಕ್ಕದ್ದಲ್ಲವೆಂಬ ತಿಳಿವಳಿಕೆ ಆ ವಿಂಗಡಣೆಯಲ್ಲಿ ಕೂತಿದೆ. ನಾನು ಆಸ್ತಿಕ. ಭ್ರೂಣಹತ್ಯೆ ಪಾಪವೆಂದೇ ನಂಬುತ್ತೇನೆ. 1971ರ ಕಾಯ್ದೆ ರದ್ದಾಗಬೇಕೆಂದು ನನಗೆ ಒಂದು ದಿನವೂ ಅನ್ನಿಸಿಲ್ಲ.

ಕಾನೂನು ಓದಿದವಳು (ಧಾರವಾಡ):

ಅಣ್ಣಾ, ಹಾಗಾದರೆ ಕೇಳಲೇಬೇಕು. ಇದೇ ಮಾತನ್ನು ಗೋಹತ್ಯೆಯ ವಿಷಯದಲ್ಲೂ ಹೇಳುತ್ತೀರಾ? ಕರ್ನಾಟಕದ 1964ರ ಕಾಯ್ದೆ ಹಸುವಿನ ವಧೆಯನ್ನು ನಿಷೇಧಿಸಿದ್ದರೂ 12 ವರ್ಷ ದಾಟಿದ ಎತ್ತುಗಳನ್ನು ಪ್ರಮಾಣಪತ್ರ ಪಡೆದು ವಧಿಸಲು ಅವಕಾಶ ಕೊಟ್ಟಿತ್ತು. 2021ರಲ್ಲಿ ಜಾರಿಗೆ ಬಂದ ಕಾಯ್ದೆ 13 ವರ್ಷ ಮೀರಿದ ಎಮ್ಮೆ ಕೋಣಗಳನ್ನು ಬಿಟ್ಟು ಉಳಿದೆಲ್ಲ ಜಾನುವಾರು ವಧೆಯನ್ನು ನಿಷೇಧಿಸಿ, ಮೂರರಿಂದ ಏಳು ವರ್ಷಗಳ ಸೆರೆವಾಸ ವಿಧಿಸುತ್ತದೆ. ಮನುಷ್ಯ ಭ್ರೂಣದ ವಿಷಯದಲ್ಲಿ ಪ್ರಾಯಶ್ಚಿತ್ತ ಸಾಕೆನ್ನುವವರಿಗೆ ಎತ್ತಿನ ವಿಷಯದಲ್ಲಿ ದಂಡವೇ ಬೇಕೇಕೆ?

ಸಹ್ಯಾದ್ರಿ (ಶಿರಸಿ):

ಕೇಳಬೇಕಾದ ಪ್ರಶ್ನೆಯೇ, ಸಿಟ್ಟಿಲ್ಲ. ಮನೆಯ ಕೊಟ್ಟಿಗೆಯ ಒಂದು ದನವನ್ನೂ ನಾನು ಕಟುಕರಿಗೆ ಕೊಡುವುದಿಲ್ಲ, ಕೊಟ್ಟವರ ಮನೆಯಲ್ಲಿ ಊಟಕ್ಕೂ ಹೋಗಲಾರೆ. ಆದರೆ ಗೇಯಲಾರದ ಎತ್ತನ್ನು ಸಾಕಲಾಗದ ರೈತನೂ, ಅದರ ಮಾಂಸ ತನಗೆ ನಿಷಿದ್ಧವೆಂದು ಎಂದೂ ಒಪ್ಪದವನೂ ನನ್ನ ನಂಬಿಕೆಗಾಗಿ ಏಳು ವರ್ಷ ಜೈಲಿನಲ್ಲಿರಲಿ ಎಂದು ಕೇಳಲು ನನಗೆ ಬಾಯಿ ಬರುವುದಿಲ್ಲ. ಸಂವಿಧಾನದ 48ನೆಯ ವಿಧಿಯೂ ಕೃಷಿ ಮತ್ತು ಪಶುಸಂಗೋಪನೆಯ ಕಾರಣವನ್ನೇ ಮುಂದಿಟ್ಟು ಗೋರಕ್ಷಣೆಯ ಮಾತಾಡುತ್ತದೆ. ಆ ಕಾರಣಗಳ ಮೇಲೆ ವಾದ ನಡೆಯಲಿ, ನಾನೂ ಭಾಗವಹಿಸುತ್ತೇನೆ. ನನ್ನ ಮಠದವರು ಇದನ್ನು ಒಪ್ಪಲಿಕ್ಕಿಲ್ಲ.

ಬಂದರು ಓದುಗ (ಉಳ್ಳಾಲ):

ಮುಸ್ಲಿಮನಾಗಿ ನನ್ನದು ಚಿಕ್ಕ ಮಾತು. ಮದ್ಯ ನಮಗೆ ಹರಾಮ್, ಬಡ್ಡಿಯೂ ಹರಾಮ್. ಈ ಎರಡನ್ನೂ ಅನುಮತಿಸುವುದಷ್ಟೇ ಅಲ್ಲ, ಒಂದರಿಂದ ಬೊಕ್ಕಸ ತುಂಬಿಸಿಕೊಂಡು ಇನ್ನೊಂದರಿಂದ ಬ್ಯಾಂಕು ನಡೆಸುವ ರಾಜ್ಯದಲ್ಲಿ ನಾವು ಬದುಕುತ್ತಿದ್ದೇವೆ, ಅದರಿಂದ ನಮ್ಮ ಈಮಾನಿಗೆ ಭಂಗ ಬಂದಿಲ್ಲ. ಧರ್ಮ ನಿಷೇಧಿಸಿದ್ದನ್ನು ಕಾನೂನು ಅನುಮತಿಸಬಹುದೇ ಎಂಬ ಪ್ರಶ್ನೆ ಈ ರೂಪದಲ್ಲಿ ಏಳುವುದು ಕಾನೂನು ಮಾಡುವಷ್ಟು ಮತಗಳಿರುವವರಿಗೆ ಮಾತ್ರ. ಐರ್ಲೆಂಡಿನಲ್ಲಿಯೂ 1983ರ ತಿದ್ದುಪಡಿಯ ಒಕ್ಕಣೆಯನ್ನು ಪ್ರೊಟೆಸ್ಟಂಟ್ ಸಭೆಗಳು ಆಕ್ಷೇಪಿಸಿದ್ದವು; ಅವರ ಸಂಖ್ಯೆ ಸಾಲಲಿಲ್ಲ. ಇನ್ನೊಂದು ಮಾತೂ ಇದೆ. 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಾಗ ನಾನು ಸಂತೋಷಪಟ್ಟೆ. ಆ ಸಂತೋಷಕ್ಕೆ ನನ್ನ ಧರ್ಮವೂ ಕಾರಣವಾಗಿತ್ತು. ಆದರೆ ಸಾರಾಯಿಯಿಂದ ಸಂಸಾರ ಹಾಳಾದ ಹೆಂಗಸರು ಮುಂದಿಟ್ಟ ಕಾರಣ ಯಾವ ಧರ್ಮದವರಿಗೂ ಅರ್ಥವಾಗುವಂಥದ್ದು. ಅಂಥ ಕಾರಣ ಕೊಡಲು ಸಾಧ್ಯವಾದಾಗ ಮಾತ್ರ ನಾನು ನಿಷೇಧದ ಪರ ನಿಲ್ಲುತ್ತೇನೆ.

ಮಲಪ್ರಭಾ (ಬೆಳಗಾವಿ):

ಚರ್ಚೆ ನಾನು ನಿರೀಕ್ಷಿಸಿದ್ದಕ್ಕಿಂತ ಆಳಕ್ಕೆ ಹೋಗಿದೆ. ಮಂಗಳೂರಿನವರ ಮೂರನೆಯ ಜೀವದ ವಾದವನ್ನು ಉಳ್ಳಾಲದವರ ಮಾತು ಪೂರ್ತಿ ಮುಟ್ಟುವುದಿಲ್ಲ, ಏಕೆಂದರೆ ಹೊಟ್ಟೆಯಲ್ಲಿರುವುದೂ ಮನುಷ್ಯನೇ ಎಂಬುದು ತನ್ನ ಮಟ್ಟಿಗೆ ಧರ್ಮದ ಮಾತಲ್ಲ, ಎಲ್ಲರಿಗೂ ಅರ್ಥವಾಗುವ ಕಾರಣವೇ ಎಂದು ಕ್ಯಾಥೊಲಿಕರು ಹೇಳುತ್ತಾರೆ. ಅದನ್ನು ಹೇಳುವ ಹಕ್ಕು ಅವರಿಗಿದೆ; ಪ್ರಚಾರದಲ್ಲಿ ಹೇಳಿದರೂ ಕೂಡ. ಅಷ್ಟಾಗಿಯೂ ಆ ನಂಬಿಕೆಯಿಂದ ನೇರವಾಗಿ ನಿಷೇಧಕ್ಕೆ ಬರಲಾಗದು. ನಡುವೆ ಇನ್ನೊಂದು ಪ್ರಶ್ನೆ ಇದೆ: ಈ ಕಾನೂನು ನಡೆಯುವಾಗ ಏನಾಗುತ್ತದೆ? ಜೀವಾಪಾಯಕ್ಕೆ ವಿನಾಯಿತಿ ಕೊಟ್ಟಿದ್ದರೂ, ಅಪಾಯ ಯಾವ ಗಳಿಗೆಯಲ್ಲಿ ಸಾಕಷ್ಟು ದೊಡ್ಡದಾಯಿತೆಂದು ಜೈಲಿನ ಭಯದಲ್ಲಿ ನಿರ್ಧರಿಸಬೇಕಾದವನು ವೈದ್ಯ. ಧರ್ಮಬೋಧೆಯಲ್ಲಿ ತಾಯಿಯ ಚಿಕಿತ್ಸೆಗೆ ಜಾಗವಿದೆಯೆಂದು ಮಂಗಳೂರಿನವರು ಹೇಳಿದ್ದು ಸರಿಯೇ. ಆದರೆ ಧರ್ಮಬೋಧೆಯ ಆ ಸೂಕ್ಷ್ಮ ವಿವೇಚನೆ ಕಾನೂನಿನ ಕಲಮಾಗಿ ಆಸ್ಪತ್ರೆಗೆ ಬಂದಾಗ ಹೃದಯಬಡಿತ ನಿಂತಿದೆಯೇ ಇಲ್ಲವೇ ಎಂಬ ಒಂದೇ ಪರೀಕ್ಷೆಯಾಗಿ ಉಳಿಯಿತು. ಹೀಗೆ ನೋಡಿದರೆ ಹೌದೆಂದ ಕ್ಯಾಥೊಲಿಕ್ ಮತದಾರರಲ್ಲಿ ಒಂದು ಭಾಗವಾದರೂ ಗರ್ಭಪಾತವನ್ನು ಒಪ್ಪಿದವರಲ್ಲ, ಅದನ್ನು ತಡೆಯುವ ಕೆಲಸಕ್ಕೆ ದಂಡಸಂಹಿತೆ ತಕ್ಕ ಸಾಧನವಲ್ಲವೆಂದವರು. ಅದನ್ನು ಅರ್ಧ ನಂಬಿಕೆಯೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಬೆಂಬಲದಲ್ಲಿಯೂ ದರ್ಜೆಗಳಿವೆ. ಇರುವ ಕಾನೂನನ್ನು ವಿರೋಧಿಸದಿರುವುದು ಒಂದು, ಮತಗಟ್ಟೆಯಲ್ಲಿ ಹೌದೆನ್ನುವುದು ಇನ್ನೊಂದು, ಗೆದ್ದಾಗ ಬೀದಿಯಲ್ಲಿ ಕುಣಿಯುವುದು ಮತ್ತೊಂದು. ಮೊದಲೆರಡನ್ನು ನಂಬಿಕೆಯೊಳಗೆ ನಿಂತು ಮಾಡಬಹುದೆಂದು ನನಗೆ ತೋರುತ್ತದೆ. ಮೂರನೆಯದು ನನಗೂ ಇರಿಸುಮುರಿಸು ಉಂಟುಮಾಡಿತ್ತು.

ನೇತ್ರಾವತಿ ತೀರದವ (ಮಂಗಳೂರು):

ಸಾಧನದ ಪ್ರಶ್ನೆಯನ್ನು ಒಪ್ಪುತ್ತೇನೆ. ತಾಯಿಯನ್ನು ಜೈಲಿಗೆ ಕಳುಹಿಸುವ ಕಾನೂನು ನನಗೂ ಬೇಡ. ಧಾರವಾಡದವರು ಕೇಳಿದ್ದಕ್ಕೆ ಇದು ನನ್ನ ಉತ್ತರ. ಆದರೆ ಕಾನೂನು ದಂಡಿಸುವುದಷ್ಟೇ ಅಲ್ಲ, ಕಲಿಸುತ್ತದೆ ಕೂಡ. ಅನುಮತಿ ಇದ್ದದ್ದು ಒಂದು ತಲೆಮಾರಿನೊಳಗೆ ಸರಿಯಾದದ್ದೆಂದು ಎಣಿಕೆಯಾಗುತ್ತದೆ, ಮುಂದಿನ ತಲೆಮಾರಿನಲ್ಲಿ ಅದಕ್ಕೆ ಒಪ್ಪದವನೇ ಕಾನೂನಿಗೆ ಸಿಕ್ಕಿಬೀಳುತ್ತಾನೆ. ಇಂದು ಸಹನೆ ಕೇಳುವವರು ನಾಳೆ ಕ್ಯಾಥೊಲಿಕ್ ವೈದ್ಯನಿಗೆ ಆ ಸಹನೆಯನ್ನು ತೋರಿಸುತ್ತಾರೆಯೇ?

ಡಬ್ಲಿನ್ ಕನ್ನಡಿಗ:

ಇದಕ್ಕೆ ಇಲ್ಲಿನ ಕಾಯ್ದೆಯಲ್ಲಿಯೇ ಉತ್ತರವಿದೆ. 2019ರ ಜನವರಿ 1ರಿಂದ ಜಾರಿಯಲ್ಲಿರುವ ಕಾನೂನಿನಂತೆ 12 ವಾರಗಳ ತನಕ, ಮೂರು ದಿನ ಕಾದ ನಂತರ, ಕಾರಣ ಕೇಳದೆ ಗರ್ಭಪಾತಕ್ಕೆ ಅವಕಾಶವಿದೆ. ಆ ಬಳಿಕ ತಾಯಿಯ ಜೀವ ಅಥವಾ ಆರೋಗ್ಯಕ್ಕೆ ಗಂಭೀರ ಅಪಾಯವಿದ್ದರೆ, ಇಲ್ಲವೇ ಮಗು ಉಳಿಯಲಾರದ ದೋಷವಿದ್ದರೆ ಮಾತ್ರ. ಕಾನೂನು ಮೀರಿದ ಗರ್ಭಪಾತಕ್ಕೆ ಶಿಕ್ಷೆ ಈಗಲೂ ಇದೆ, ಆದರೆ ಮಾಡಿಸಿಕೊಂಡ ಹೆಂಗಸಿಗೆ ಇಲ್ಲ. ಮನಸ್ಸಾಕ್ಷಿ ಒಪ್ಪದ ವೈದ್ಯರು, ದಾದಿಯರು, ಸೂಲಗಿತ್ತಿಯರು ಈ ಕೆಲಸದಲ್ಲಿ ಪಾಲ್ಗೊಳ್ಳಲು ನಿರಾಕರಿಸಬಹುದು. ಇಲ್ಲಿನ ಆಸ್ಪತ್ರೆಗಳಲ್ಲಿ ದುಡಿಯುವ ಕೇರಳದ ಕ್ರೈಸ್ತ ದಾದಿಯರು ಬಹಳಷ್ಟು ಮಂದಿ ಇರುವುದರಿಂದ ಇದು ನಮ್ಮವರಿಗೂ ಸಂಬಂಧಿಸಿದ ವಿಷಯ. ಎರಡು ಮಿತಿಗಳಿವೆ. ಹೆಂಗಸಿನ ಜೀವಕ್ಕೆ ತಕ್ಷಣದ ಅಪಾಯವಿರುವ ತುರ್ತಿನಲ್ಲಿ ನಿರಾಕರಿಸುವಂತಿಲ್ಲ. ಉಳಿದ ಸಂದರ್ಭಗಳಲ್ಲಿ, ಅವಳಿಗೆ ಬೇರೆಡೆ ಚಿಕಿತ್ಸೆ ಸಿಗುವಂತೆ ಆದಷ್ಟು ಬೇಗ ವ್ಯವಸ್ಥೆ ಮಾಡಿಕೊಡಬೇಕು.

ನೇತ್ರಾವತಿ ತೀರದವ (ಮಂಗಳೂರು):

ತುರ್ತಿನ ಮಿತಿಗೆ ನನ್ನ ತಕರಾರಿಲ್ಲ. ಬೇರೆಡೆ ಕಳುಹಿಸಿಕೊಡಬೇಕೆಂಬ ಎರಡನೆಯ ಮಿತಿಯಲ್ಲಿಯೇ ತೊಡಕಿರುವುದು: ತಾನು ಕೊಲೆಯೆಂದು ನಂಬಿದ್ದನ್ನು ಮಾಡುವವರ ವಿಳಾಸ ಬರೆದುಕೊಡುವುದು ಕೂಡ ಪಾಲ್ಗೊಂಡಂತೆಯೇ ಎಂದು ಅಲ್ಲಿನ ಹಲವು ವೈದ್ಯರು ಆಕ್ಷೇಪಿಸಿದರು, ನಾನು ಅವರ ಜಾಗದಲ್ಲಿದ್ದರೂ ಬರೆದುಕೊಡುತ್ತಿರಲಿಲ್ಲ.

ಡಬ್ಲಿನ್ ಕನ್ನಡಿಗ:

ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಊರಿಗೊಬ್ಬರೇ ವೈದ್ಯರಿರುವ ಪಶ್ಚಿಮದ ಹಳ್ಳಿಗಳಲ್ಲಿ ಆ ಚೀಟಿ ಸಿಗದಿದ್ದರೆ ಹೆಂಗಸಿನ 12 ವಾರಗಳು ಅಲೆದಾಟದಲ್ಲೇ ಕಳೆದುಹೋಗುತ್ತವೆ, ಅವಳು ಮತ್ತೆ ಲಿವರ್‌ಪೂಲಿನ ಟಿಕೆಟ್ಟನ್ನೇ ಹುಡುಕಬೇಕಾಗುತ್ತದೆ. ವೈದ್ಯನ ಮನಸ್ಸಾಕ್ಷಿಗೆ ಬೆಲೆ ಕೊಡಲೇಬೇಕು. ಆ ಬೆಲೆಯನ್ನು ತೆರುವವಳು ಅವಳಾಗಬಾರದೆಂದಷ್ಟೇ ಈ ಕಾಯ್ದೆ ಹೇಳುತ್ತಿದೆ. ಸರ್ಕಾರ ಒಂದು ಸಹಾಯವಾಣಿಯನ್ನೂ ತೆರೆದಿದೆ, ಹೆಂಗಸು ಯಾವ ವೈದ್ಯರ ಚೀಟಿಯೂ ಇಲ್ಲದೆ ನೇರವಾಗಿ ಅದಕ್ಕೆ ಕರೆ ಮಾಡಬಹುದು.